ಆಶಾ ಕಾರ್ಯಕರ್ತೆಗೆ ಅಮ್ಮನ ವಿವರ ಯಾಕೆ ಕೊಡಬೇಕು? – ಪ್ರತಿಕ್ರಿಯೆ

ಅಮ್ಮನಿಗೆ ಮಂಗಳೂರಲ್ಲೇ ಮದ್ದು ನಡೆಯುತ್ತಿರುವಾಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಶಾ ಕಾರ್ಯಕರ್ತೆಗೆ ಬಿಪಿ, ಶುಗರಿನ ವಿವರ ಯಾಕೆ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಿ. ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಕರ್ನಾಟಕದಲ್ಲಿ ಮದ್ದು ಮಾಡಿಸುವವರ ಕಾಯಿಲೆ ಊರಿನ ಆರೋಗ್ಯ ಕೇಂದ್ರದ ಲೆಕ್ಕಕ್ಕೆ ತಾನಾಗಿ ಬರುವುದಿಲ್ಲ. ಲೆಕ್ಕದಲ್ಲೇ ಇಲ್ಲದವರಿಗೆ ಮಾತ್ರೆ ತರಿಸಿಡುವುದು, ನಾಳೆ ಹಾಸಿಗೆ ಹಿಡಿದರೆ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ನರ್ಸನ್ನು ಮನೆಗೆ ಕಳಿಸುವುದು ಹೇಗೆ?

ಆಶಾ ಕಾರ್ಯಕರ್ತೆಯರು ಕೇರಳ ಆರೋಗ್ಯ ಇಲಾಖೆಯ 'ಶೈಲಿ' ಆಪಿನಲ್ಲಿ ತುಂಬುವುದು 30 ವರ್ಷ ದಾಟಿದವರ ವಿವರ. ಹೊಗೆಸೊಪ್ಪು ತಿನ್ನುತ್ತಾರಾ, ಮನೆಯಲ್ಲಿ ಬೇರೆ ಯಾರಿಗಾದರೂ ಶುಗರ್ ಇದೆಯಾ ಎಂದೆಲ್ಲ ಕೇಳುವುದು ಯಾರನ್ನು ಮೊದಲು ತಪಾಸಣೆಗೆ ಕರೆಯಬೇಕೆಂದು ತಿಳಿಯಲಿಕ್ಕೆ.

ನಮ್ಮ ಜಿಲ್ಲೆಯವರಿಗೆ ಹೀಗೆ ವಿವರ ಒಟ್ಟುಮಾಡುವುದರ ಬೆಲೆ ಗೊತ್ತಿರಬೇಕು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎರಚುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಡೆ ಹೊರಗಿನವರ ಗಮನ ಹರಿಯಲು ಅದೂ ಒಂದು ಕಾರಣ. ಬಿಡಿಬಿಡಿಯಾಗಿ ನೋಡಿದರೆ ಅದು ಒಂದೊಂದು ಮನೆಯ ಸಂಕಟ ಅಷ್ಟೆ.

ಮಂಗಳೂರಿನ ಡಿಸ್ಚಾರ್ಜ್ ಸಮ್ಮರಿ, ಈಗಿನ ಮಾತ್ರೆ ಚೀಟಿ ಎರಡರದ್ದೂ ಝೆರಾಕ್ಸ್ ತೆಗೆದು ಆರೋಗ್ಯ ಕೇಂದ್ರಕ್ಕೆ ಕೊಡಿ. ಅಮ್ಮನಿಗೆ ಮಲಯಾಳ ಕಷ್ಟವಾದರೆ ನೀವೇ ಪಕ್ಕದಲ್ಲಿ ಕೂತು ಉತ್ತರ ಹೇಳಿ. ತಪ್ಪು ವಿವರ ಹೋದರೆ ಪ್ರಯೋಜನವಿಲ್ಲ. 14 ಅಂಕಿಯ ಆಭಾ ನಂಬರ್ (ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) ಮಾಡಿಸಿದರೆ ಅದಕ್ಕೆ ಸೇರಿದ ಆಸ್ಪತ್ರೆಗಳ ದಾಖಲೆ ಒಂದೆಡೆ ಸಿಗುತ್ತದೆ, ಆದರೆ ಅಮ್ಮನ ಒಪ್ಪಿಗೆ ಬೇಕು. ಒಟಿಪಿ ಕೇಳಿದರೆ ಯಾಕೆಂದು ವಿಚಾರಿಸಿಯೇ ಕೊಡಿ.