ಅರ್ಜಿಯ ಏಳನೇ ಪ್ರಶ್ನೆ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದವರು ಅವರು. ವಯಸ್ಸು 38. ಮನೆಯಲ್ಲಿ ಗಂಡ, ಹತ್ತು ವರ್ಷದ ಮಗ. ಕೂತ ಕೂಡಲೇ ಬ್ಯಾಗಿನಿಂದ ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಅದರ ತುಂಬ 11 ಆರೋಗ್ಯ ವಿಮೆ ಪಾಲಿಸಿಗಳ ಹೋಲಿಕೆ: ಪ್ರೀಮಿಯಂ ಎಷ್ಟು, ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಸಿಗುತ್ತದೆ, ಯಾವ ಕಾಯಿಲೆಗೆ ವಿಮೆ ಸಿಗಲು ಎಷ್ಟು ಕಾಯಬೇಕು. ಮೂರು ಬಣ್ಣದ ಪೆನ್ನಿನಲ್ಲಿ ಬರೆದಿದ್ದರು.

"ಎರಡು ತಿಂಗಳಿಂದ ಇದೇ ಕೆಲಸ ಮೇಡಂ. ಒಂದನ್ನು ಆರಿಸೋಕೆ ಆಗ್ತಿಲ್ಲ. ಮನೆಯವರಿಗೆ ಸಿಟ್ಟು ಬರ್ತಿದೆ."

ಗಂಡ ನೌಕರಿ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿದಿದ್ದರು. ಕಂಪನಿ ಕೊಡುವ ಗುಂಪು ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಹಾಗಾಗಿ ಮೊದಲ ಬಾರಿಗೆ ಖಾಸಗಿ ಪಾಲಿಸಿ ಹುಡುಕಬೇಕಾಗಿತ್ತು, ಆ ಹೊಣೆ ಇವರ ಮೇಲೆ ಬಿದ್ದಿತ್ತು. ಲೆಕ್ಕದಲ್ಲಿ ಗಟ್ಟಿಗರು, ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನಗಳನ್ನು ದಿನವೂ ಮಾಡುವವರು. ಅಂಥವರು ಇಲ್ಲಿ ಮಾತ್ರ ಯಾಕೆ ಸಿಕ್ಕಿಕೊಂಡರು ಎಂಬುದೇ ನನ್ನನ್ನು ಕಾಡಿತು.

ಎರಡನೇ ಭೇಟಿಗೆ ಯಾವುದಾದರೂ ಒಂದು ಅರ್ಜಿ ತರಲು ಹೇಳಿದೆ. ನನ್ನೆದುರೇ ಪೆನ್ಸಿಲ್‌ನಲ್ಲಿ ತುಂಬಿಸಿದೆ. ಹೆಸರು, ಎತ್ತರ, ತೂಕ ಸರಸರ ಮುಗಿದವು. ಏಳನೇ ಪ್ರಶ್ನೆಗೆ ಕೈ ನಿಂತಿತು. ಹಿಂದೆ ಯಾವಾಗಲಾದರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ?

ಮದುವೆಗೆ ಮುಂಚೆ, 14 ವರ್ಷದ ಹಿಂದೆ, ಅವರಿಗೆ ತೀವ್ರ ಖಿನ್ನತೆ ಬಂದಿತ್ತು. 9 ದಿನ ಆಸ್ಪತ್ರೆಯಲ್ಲಿದ್ದರು, ಎರಡು ವರ್ಷ ಮಾತ್ರೆ ತೆಗೆದುಕೊಂಡಿದ್ದರು. ಆಮೇಲೆ ಮತ್ತೆ ಬಂದಿರಲಿಲ್ಲ. ಗಂಡನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಗುಂಪು ವಿಮೆಯಲ್ಲಿ ಯಾರೂ ಕೇಳದ್ದರಿಂದ ಇಷ್ಟು ವರ್ಷ ಆ ಮಾತು ಎದ್ದಿರಲಿಲ್ಲ.

ಏಜೆಂಟ್‌ಗೆ ಫೋನಿನಲ್ಲಿ ಸುಳಿವು ಕೊಟ್ಟಿದ್ದರಂತೆ. "ಅದೆಲ್ಲ ಹಳೇದು, ಬರೀಬೇಡಿ ಮೇಡಂ, ಸುಮ್ನೆ ರಿಜೆಕ್ಟ್ ಆಗುತ್ತೆ" ಎಂದಿದ್ದನಂತೆ ಆತ. ಈ ಮಾತು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಪಾಲಿಸಿ ಮಾರಿದರೆ ಸಾಕು, ಕಮಿಷನ್ ಅವನ ಕೈಸೇರುತ್ತದೆ. ಕ್ಲೇಮು ತಿರಸ್ಕೃತವಾದ ದಿನ ಆಸ್ಪತ್ರೆಯ ಕೌಂಟರಿನಲ್ಲಿ ನಿಲ್ಲುವುದು ಈ ಮನೆಯವರು.

ಆಪ್ತಸಲಹೆಗೆ ಬಂದವರಿಗೆ ವಿಮೆಯ ಪಾಠ ಯಾಕೆ ಎಂದು ಕೇಳಬಹುದು. ಅವರ ಭಯದ ಅರ್ಧ ಭಾಗ ತಪ್ಪು ಮಾಹಿತಿಯಿಂದ ಹುಟ್ಟಿತ್ತು. ಅದನ್ನು ಸರಿಪಡಿಸದೆ ಮನಸ್ಸಿನ ಮಾತಾಡಿದ್ದರೆ ಪ್ರಯೋಜನವಿರಲಿಲ್ಲ.

ನಾನು ವಿವರಿಸಿದ್ದು ಇದು. ಅರ್ಜಿ ಕೊಡುವಾಗ ಹೆಚ್ಚಿನ ಕಂಪನಿಗಳು ನಿಮ್ಮ ಮಾತನ್ನು ನಂಬಿ ಮುಂದೆ ಹೋಗುತ್ತವೆ. ನಿಜವಾದ ತಪಾಸಣೆ ನಡೆಯುವುದು ಕ್ಲೇಮಿನ ಹೊತ್ತಿಗೆ. ಆಸ್ಪತ್ರೆಗೆ ಸೇರಿದ ರಾತ್ರಿ ಡ್ಯೂಟಿ ಡಾಕ್ಟರ್ ಹಿಂದಿನ ಕಾಯಿಲೆಗಳನ್ನು ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ. ನೋವಿನಲ್ಲಿ ಯಾರೂ ಅಲ್ಲಿ ಸುಳ್ಳು ಹೇಳುವುದಿಲ್ಲ, ಹೇಳಲೂಬಾರದು. ಆ ಹಾಳೆಯನ್ನು ಕಂಪನಿ ತರಿಸಿಕೊಂಡು ಅರ್ಜಿಯ ಪಕ್ಕದಲ್ಲಿಟ್ಟು ಓದುತ್ತದೆ. ಎರಡೂ ತಾಳೆಯಾಗದಿದ್ದರೆ ಪಾಲಿಸಿಯೇ ರದ್ದಾಗುವ ಅಪಾಯವಿದೆ.

"ಯಾವುದೋ ಕಂಪನಿಗೆ ನನ್ನ ಕಥೆ ಯಾಕೆ ಹೇಳಬೇಕು?" ಎಂದರು. ನ್ಯಾಯವಾದ ಪ್ರಶ್ನೆಯೇ. ನಿಮ್ಮ ದೇಹದ ವಿಷಯ ನಿಮಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ಗೊತ್ತಿರುವವರು ಮುಚ್ಚಿಡಬಾರದು ಎಂಬ ತತ್ವವನ್ನು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲೇ ಒಂದು ವಿಮೆ ಮೊಕದ್ದಮೆಯಲ್ಲಿ ಹೇಳಿದ್ದರು. ಆದರೆ ಆ ಪ್ರಾಮಾಣಿಕತೆ ಕಂಪನಿಗೂ ಅನ್ವಯಿಸುತ್ತದೆ ಎಂದೂ ಹೇಳಿ, ಆ ಮೊಕದ್ದಮೆಯಲ್ಲಿ ವಿಮೆ ಮಾಡಿಸಿದವರ ಪರವಾಗಿಯೇ ತೀರ್ಪು ಕೊಟ್ಟರು. ಇದನ್ನು ಕೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ತಪ್ಪೊಪ್ಪಿಗೆ ಎಂದುಕೊಂಡಿದ್ದು ಬರಿಯ ಕರಾರಿನ ಒಂದು ಷರತ್ತಾಗಿತ್ತು.

ನಿಜ ಬರೆದರೆ ಏನಾಗಬಹುದು? ಹಾಗೆಯೇ ಒಪ್ಪಬಹುದು, ಪ್ರೀಮಿಯಂ ಏರಿಸಬಹುದು, ಆ ಕಾಯಿಲೆಗೆ ಮಾತ್ರ ಕಾಯುವ ಅವಧಿ ಹಾಕಬಹುದು, ನಿರಾಕರಿಸಲೂಬಹುದು. ಒಂದು ಕಂಪನಿ ಬೇಡವೆಂದರೆ ಎಲ್ಲವೂ ಬೇಡವೆನ್ನುವುದಿಲ್ಲ, ಒಂದೊಂದರ ಅಳತೆಗೋಲು ಒಂದೊಂದು. ಆದರೆ "ಹಿಂದೆ ಯಾರಾದರೂ ನಿರಾಕರಿಸಿದ್ದಾರಾ" ಎಂದೂ ಅರ್ಜಿಗಳಲ್ಲಿ ಕೇಳುತ್ತಾರೆ. ಆದ್ದರಿಂದ ಅರ್ಜಿ ಹಾಕುವ ಮುಂಚೆ ಹೆಸರು ಹೇಳದೆ ಇಮೇಲ್‌ನಲ್ಲಿ ವಿಚಾರಿಸಿ, ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ ಎಂದೆ. ಪ್ರಶ್ನೆಯ ಮಾತುಗಳನ್ನೂ ಸರಿಯಾಗಿ ಓದಿ. ಕೆಲವರು ಕಳೆದ ಕೆಲವು ವರ್ಷಗಳದ್ದನ್ನಷ್ಟೇ ಕೇಳುತ್ತಾರೆ, ಕೆಲವರು "ಯಾವಾಗಲಾದರೂ" ಎನ್ನುತ್ತಾರೆ. ಅನುಮಾನವಿದ್ದರೆ ಬರೆದುಬಿಡಿ.

ಉಳಿದದ್ದು ಗಂಡನ ವಿಷಯ. ಕುಟುಂಬಕ್ಕೆಲ್ಲ ಒಂದೇ ಪಾಲಿಸಿ ತೆಗೆದುಕೊಂಡರೆ ಎಲ್ಲರ ಪರವಾಗಿ "ಇದೆಲ್ಲ ನಿಜ" ಎಂದು ಒಬ್ಬರೇ ಸಹಿ ಹಾಕುತ್ತಾರೆ. ಇಲ್ಲಿ ಹಾಕಬೇಕಾದವರು ಗಂಡ. "ಗೊತ್ತಿಲ್ಲದ ಮಾತಿಗೆ ಅವರು ಸಹಿ ಹಾಕಿದಂತಾಗುತ್ತದೆ" ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

ಗಂಡನಿಗೆ ಹೇಳಲೇಬೇಕು ಎಂದು ನಾನು ಒತ್ತಾಯಿಸಲಿಲ್ಲ. ಅದು ಅವರ ಬದುಕು, ಅವರ ಹಳೆಯ ಗಾಯ. ನಿಮ್ಮ ಹೆಸರಿನಲ್ಲಿ ಬೇರೆ ಪಾಲಿಸಿ ಮಾಡಿಸಿದರೆ ಸಹಿಯೂ ನಿಮ್ಮದೇ, ಗುಟ್ಟೂ ನಿಮ್ಮದೇ ಎಂದು ಹೇಳಿದೆ. ದಾರಿ ಎರಡಿವೆ ಎಂದು ಗೊತ್ತಾಗಿದ್ದೇ ಅವರಿಗೆ ಬೇಕಾಗಿತ್ತೇನೋ. ಆ ವಾರವೇ ಗಂಡನ ಹತ್ತಿರ ಹೇಳಿದರು.

ಗಂಡ ಎರಡು ದಿನ ಹೆಚ್ಚು ಮಾತಾಡಲಿಲ್ಲವಂತೆ. ಮೂರನೇ ರಾತ್ರಿ ಕೇಳಿದರಂತೆ: "ಆ ಒಂಬತ್ತು ದಿನ ಆಸ್ಪತ್ರೇಲಿ ನಿನ್ನ ಜೊತೆ ಯಾರಿದ್ರು?"

ಆಮೇಲೆ ನೋಟ್‌ಬುಕ್ಕಿನ ಕೆಲಸ ಬೇಗ ಮುಗಿಯಿತು. ಹನ್ನೊಂದು ಮೂರಕ್ಕೆ ಇಳಿಯಿತು. ಪ್ರೀಮಿಯಂ ಕಡಿಮೆ ಎಂದು ಗುರುತು ಹಾಕಿಕೊಂಡಿದ್ದ ಎರಡನ್ನು ಆಸ್ಪತ್ರೆ ಕೊಠಡಿಯ ಬಾಡಿಗೆಗೆ ಕಂಪನಿ ಹಾಕಿದ್ದ ಮಿತಿ ನೋಡಿದ ಮೇಲೆ ಅವರೇ ಕೈಬಿಟ್ಟರು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಂಥ ಪಾಲಿಸಿಗಳಲ್ಲಿ ಮಿತಿಯ ಎರಡರಷ್ಟು ಬಾಡಿಗೆಯ ಕೊಠಡಿಗೆ ಹೋದರೆ ಹೆಚ್ಚುವರಿ ಬಾಡಿಗೆಯೊಂದೇ ನಿಮ್ಮ ಮೇಲೆ ಬೀಳುವುದಿಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ವೆಚ್ಚಗಳಲ್ಲೂ ಅರ್ಧ ಕಡಿತವಾಗಬಹುದು. ಮಾನಸಿಕ ಚಿಕಿತ್ಸೆಗೆ ಪ್ರತ್ಯೇಕ ಮಿತಿ ಇದೆಯೇ ಎಂಬುದನ್ನೂ ಈ ಸಲ ಧೈರ್ಯವಾಗಿ ಕೇಳಿದರು.

ಕೊನೆಗೆ ಮೂವರಿಗೂ ಸೇರಿ ಒಂದು ಪಾಲಿಸಿ ಆಯಿತು. ಪತ್ರ ಕೈಗೆ ಬಂದ ಮೇಲೆ ಅದರ ಜೊತೆಗಿರುವ ಅರ್ಜಿಯ ಪ್ರತಿಯನ್ನು ಸಾಲುಸಾಲಾಗಿ ಓದಿ, ಪಾಲಿಸಿಯನ್ನು ಹಿಂತಿರುಗಿಸಲು ಕೊಟ್ಟಿರುವ ಅವಧಿಯೊಳಗೇ ಓದಿ ಎಂದು ಹೇಳಿ ಕಳಿಸಿದ್ದೆ. ಓದಿದ್ದು ಗಂಡ. ಏಳನೇ ಪ್ರಶ್ನೆಯ ಮುಂದೆ "ಇಲ್ಲ" ಎಂದು ಟೈಪಾಗಿತ್ತು. ಇವರು ಕೈಯಿಂದ "ಹೌದು" ಎಂದು ಬರೆದು ಕೊಟ್ಟಿದ್ದನ್ನು ಏಜೆಂಟ್ ಕಂಪ್ಯೂಟರಿಗೆ ಹಾಕುವಾಗ ಬದಲಿಸಿದ್ದ. ಗಂಡ ಅವತ್ತೇ ಕಂಪನಿಗೆ ಬರೆದರು, ಜೊತೆಗೆ ಮೂಲ ಅರ್ಜಿಯ ಫೋಟೋ ಕಳಿಸಿದರು.

ಮೂರು ವಾರದ ನಂತರ ತಿದ್ದಿದ ಪತ್ರ ಬಂತು. ಪ್ರೀಮಿಯಂ ಸ್ವಲ್ಪ ಏರಿದೆ, ಖಿನ್ನತೆಯ ಚಿಕಿತ್ಸೆಗೆ ಕಾಯುವ ಅವಧಿ ಹಾಕಿದ್ದಾರೆ, ಉಳಿದದ್ದಕ್ಕೆಲ್ಲ ಎಲ್ಲರಂತೆಯೇ ವಿಮೆ ಇದೆ. ಅವರು ಆ ಪುಟದ ಫೋಟೋವನ್ನು ನನಗೆ ಕಳಿಸಿ, ಕೆಳಗೆ ಬರೆದಿದ್ದರು: "ಮೊನ್ನೆಯಿಂದ ನಿದ್ದೆ ಬರ್ತಿದೆ ಮೇಡಂ."