ಪ್ರತಿಕ್ರಿಯೆ: ತಡೆಗೋಡೆ ಇದ್ದರೆ ಜಾಗ ಭದ್ರವೇ?

ಹೊನ್ನಾವರದ ಕಡಲಂಚಿನಲ್ಲಿ ಜಾಗ ನೋಡಿದ್ದೇನೆ, ಎದುರಿಗೇ ಕಲ್ಲಿನ ತಡೆಗೋಡೆ ಇದೆ, ಕೊರೆತದ ಭಯ ಇಲ್ಲ ತಾನೇ ಅಂತ ಕೇಳಿದ್ದೀರಿ. ಅಲ್ಲಿ ಗೋಡೆ ಕಟ್ಟಿದ್ದಾರೆ ಅನ್ನೋದೇ ನನಗೆ ಅನುಮಾನ ಹುಟ್ಟಿಸುತ್ತದೆ ಮಾರಾಯ್ರೆ. ಗೋಡೆಗೆ ಬಡಿದ ಅಲೆ ವಾಪಸ್ ಹೋಗುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ, ಆಮೇಲೆ ಕಲ್ಲುಗಳೇ ಕುಸಿದು ಕೂರುತ್ತವೆ. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇನ್ನೂ ಜೋರು. ನಿಮ್ಮ ಜಾಗ ಅಲ್ಲಿದ್ದರೆ ಬಿಟ್ಟುಬಿಡಿ.

ದಂಡೆಗೆ ಮರಳು ತರುವುದರಲ್ಲಿ ನದಿಯ ಪಾಲು ದೊಡ್ಡದು. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಮರಳು 1964ರಿಂದ ಘಟ್ಟದ ಮೇಲೆ ನಮ್ಮ ಸಾಗರ ಊರಿನ ಪಕ್ಕ ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ತಡೆದು ನಿಲ್ಲುತ್ತಿದೆ (ಕರೆಂಟು ಊರಿಗೆಲ್ಲ, ಹೂಳು ನಮಗೆ!). ಜನವರಿಯ ಅಗಲ ದಂಡೆ ನೋಡಿ ಮುಂಗಡ ಕೊಡಬೇಡಿ, ಮಳೆಗಾಲದ ಅಲೆಗೆ ಅದು ಕಿರಿದಾಗುತ್ತದೆ, ಆಷಾಢದಲ್ಲೊಮ್ಮೆ ಘಟ್ಟ ಇಳಿದು ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆಗೆದು ದಡ ಎಷ್ಟು ಸರಿದಿದೆ ಅಂತ ಅಳೆಯಿರಿ. ಸಿಆರ್‌ಝಡ್ (ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಅಂತಲೂ ನೋಡಿಕೊಳ್ಳಿ.