ಊದಿಕೊಂಡ ಡೋರ್ ಪ್ಯಾಡನ್ನು ಮುರಿಯದೆ ಬಿಚ್ಚುವುದು ಹೇಗೆ?

ಪ್ರಶ್ನೆ: ಅಜ್ಜ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿ ಕಾರು ನಮ್ಮ ಮನೆಯಲ್ಲಿದೆ. ನಾಲ್ಕೂ ಬಾಗಿಲುಗಳ ಒಳಗಿನ ರೆಕ್ಸಿನ್ ಪ್ಯಾಡ್‌ಗಳು ಕೆಳಭಾಗದಲ್ಲಿ ಊದಿಕೊಂಡಿವೆ. ಗ್ಯಾರೇಜಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದಾಗ ಒಂದರ ಅಂಚು ಮುರಿಯಿತು. ಉಳಿದ ಮೂರನ್ನು ನಾನೇ ಬಿಚ್ಚಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಬಿಚ್ಚಬಹುದು, ಆದರೆ ಮಳೆಗಾಲದಲ್ಲಿ ಬೇಡ. ರೆಕ್ಸಿನ್ನಿನ ಹಿಂದಿರುವುದು ಸುಮಾರು 3 ಮಿ.ಮೀ. ದಪ್ಪದ ಹಾರ್ಡ್‌ಬೋರ್ಡ್. ಅದು ನೀರು ಕುಡಿದರೆ ಪದರ ಪದರವಾಗಿ ಬಿಡುತ್ತದೆ. ಅತ್ತ ಅದನ್ನು ಹಿಡಿದಿರುವ ಸ್ಪ್ರಿಂಗ್ ಕ್ಲಿಪ್ಪುಗಳು ತುಕ್ಕು ಹಿಡಿದು ಬಾಗಿಲಿನ ತಗಡಿಗೇ ಕಚ್ಚಿಕೊಂಡಿರುತ್ತವೆ. ಹೀಗಿರುವಾಗ ಎಳೆದರೆ ಕ್ಲಿಪ್ ಬಿಡುವುದಿಲ್ಲ, ಬೋರ್ಡು ಹರಿಯುತ್ತದೆ. ಆದ್ದರಿಂದ ಜನವರಿ, ಫೆಬ್ರವರಿಯವರೆಗೆ ಕಾದು, ಕಾಫಿ ಒಣಗಿಸುವ ಕಣದ ಅಂಚಿನಲ್ಲಾದರೂ ಸರಿ, ಮೂರ್ನಾಲ್ಕು ದಿನ ಬಾಗಿಲುಗಳನ್ನು ತೆರೆದು ಕಾರನ್ನು ಬಿಸಿಲಿಗೆ ನಿಲ್ಲಿಸಿ. ಬೋರ್ಡು ಗಟ್ಟಿಯಾಗುತ್ತದೆ, ಚಳಿಗೆ ಬಿಗಿದುಕೊಂಡ ರೆಕ್ಸಿನ್ ಮೆದುವಾಗುತ್ತದೆ.

ಮೊದಲು ಗ್ಲಾಸ್ ಏರಿಸುವ ಹ್ಯಾಂಡಲ್, ಬಾಗಿಲು ತೆರೆಯುವ ಹಿಡಿ ಮತ್ತು ಕೈಯಾಸರೆಯನ್ನು ತೆಗೆಯಬೇಕು. ಹ್ಯಾಂಡಲಿನ ಮೇಲೆ ಸ್ಕ್ರೂ ಕಾಣದಿದ್ದರೆ ಅದರ ಬುಡದಲ್ಲಿರುವ ದುಂಡು ಬಿಲ್ಲೆಯನ್ನು ಪ್ಯಾಡಿನ ಕಡೆಗೆ ಒತ್ತಿ ಹಿಡಿದು ಟಾರ್ಚ್ ಬಿಟ್ಟು ನೋಡಿ. ಅಡ್ಡಪಿನ್ ಕಂಡರೆ ತೆಳುವಾದ ಮೊಳೆಯಿಂದ ಅದನ್ನು ಆಚೆಗೆ ತಳ್ಳಿ. ಕುದುರೆ ಲಾಳದ ಆಕಾರದ ಕ್ಲಿಪ್ ಇದ್ದರೆ ಹ್ಯಾಂಡಲಿನ ಹಿಂದೆ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ, ಮೊಸರು ಕಡೆಯುವ ಹಗ್ಗದಂತೆ ಅತ್ತಿತ್ತ ಎಳೆಯಿರಿ. ಕ್ಲಿಪ್ ಸಿಡಿದು ಬರುವುದರಿಂದ ಕಣ್ಣಿಗೆ ಕನ್ನಡಕವಿರಲಿ.

ಇನ್ನು ಪ್ಯಾಡು. ಇದಕ್ಕೆ ಸ್ಕ್ರೂಡ್ರೈವರನ್ನು ಮುಟ್ಟಲೇಬೇಡಿ. ಎರಡು ಬೆರಳಗಲದ ಬಿದಿರಿನ ಚಕ್ಕೆಯನ್ನು ತುದಿಯಲ್ಲಿ ತೆಳ್ಳಗೆ ಹೆರೆದುಕೊಂಡರೆ ಅದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಬಾಗಿಲಿನ ಅಂಚಿನ ಬಣ್ಣ ಗೀರದಂತೆ ಕಾಗದದ ಟೇಪ್ ಅಂಟಿಸಿ, ಚಕ್ಕೆಯನ್ನು ಮೆಲ್ಲನೆ ಒಳಗೆ ಜಾರಿಸುತ್ತಾ ಹೋಗಿ. ಅದು ತಡೆದು ನಿಂತ ಕಡೆ ಕ್ಲಿಪ್ ಇರುತ್ತದೆ. ಮೀಟಬೇಕಾದದ್ದು ಆ ಕ್ಲಿಪ್ಪಿನ ಪಕ್ಕದಲ್ಲಿಯೇ ಹೊರತು ಎರಡು ಕ್ಲಿಪ್ಪುಗಳ ನಡುವೆ ಅಲ್ಲ. ಬೋರ್ಡು ಮುರಿಯುವುದು ಬಹುಪಾಲು ಈ ಒಂದು ತಪ್ಪಿನಿಂದ. ಜಗ್ಗದ ಕ್ಲಿಪ್ಪಿನ ಕಾಲಿಗೆ, ರೆಕ್ಸಿನ್ನಿಗೆ ತಾಗದಂತೆ, ಒಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೆಯೇ ಇಡಿ. ಮುರಿದ ಪ್ಯಾಡನ್ನು ಎಸೆಯಬೇಡಿ. ಹೊಸ ಬೋರ್ಡು ಕತ್ತರಿಸುವಾಗ ಕುಷನ್ ಕೆಲಸದವರಿಗೆ ಅದೇ ಅಳತೆ.

ಆದರೆ ಪ್ಯಾಡ್ ಊದಿದ್ದು ಏಕೆ ಎಂಬುದನ್ನು ನೋಡದೆ ಮತ್ತೆ ಕೂರಿಸಿದರೆ ಮುಂದಿನ ಆಟಿಯ ಮಳೆಗೆ ಪುನಃ ಊದುತ್ತದೆ. ಗ್ಲಾಸಿನ ಸಂದಿಯಿಂದ ಬಾಗಿಲಿನ ಹೊಟ್ಟೆಗೆ ನೀರು ಇಳಿಯುವುದು ಸಹಜ. ಅದು ತಳದ ರಂಧ್ರಗಳಿಂದ ಹೊರಹೋಗಬೇಕು. ಮಡಿಕೇರಿಯಲ್ಲಿ ಅಂಬಾಸಿಡರ್ ಒಂದರ ಬಾಗಿಲು ಬಿಚ್ಚಿದಾಗ ತಳದಲ್ಲಿ ಸಿಲ್ವರ್ ಓಕ್ ಎಲೆಗಳ ಚೂರು ಕೆಸರಿನೊಡನೆ ಸೇರಿ ಕಪ್ಪು ಗೊಬ್ಬರವಾಗಿ ಗಟ್ಟಿಯಾಗಿತ್ತು, ಅದರ ಕೆಳಗಿನ ತಗಡು ಬೆರಳು ತಾಗಿದರೆ ಉದುರುತ್ತಿತ್ತು. ಪ್ಯಾಡಿಗೂ ತಗಡಿಗೂ ನಡುವೆ ಇರಬೇಕಾದ ನೀರು ತಡೆಯುವ ಹಾಳೆಯನ್ನು ಹಿಂದೆ ಯಾರೋ ಕಿತ್ತು ಬಿಸಾಡಿದ್ದರು. ನಿಮ್ಮ ಕಾರಿನಲ್ಲಿಯೂ ಅದು ಇಲ್ಲದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಬಾಗಿಲಿನ ಅಳತೆಗೆ ಕತ್ತರಿಸಿ ಅಂಟಿಸಿ. ಅದರ ಕೆಳತುದಿ ಮಾತ್ರ ಬಾಗಿಲಿನ ಒಳಕ್ಕೆ ಇಳಿಬಿದ್ದಿರಲಿ, ಜಾರಿದ ನೀರು ಪ್ಯಾಡಿನತ್ತ ಬಾರದೆ ತಳಕ್ಕೇ ಬೀಳಬೇಕು.

ಪ್ಯಾಡ್ ಕೂರಿಸುವ ಮೊದಲು ಗ್ಲಾಸ್ ಏರಿಸಿ, ಹೊರಗಿನಿಂದ ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಕೆಳಗಿನ ರಂಧ್ರಗಳಿಂದ ನೀರು ಸರಾಗವಾಗಿ ಇಳಿದು, ಹಾಳೆಯ ಈಚೆಗಿನ ಮೈ ಒಣಗಿಯೇ ಇದ್ದರೆ ಕ್ಲಿಪ್ಪುಗಳನ್ನು ಒತ್ತಿ ಕೂರಿಸಬಹುದು.